ಬಾಯಿ ನನ್ನದು, ಆರೋಪ ಉಪ್ಪಿಗೆ

ಮನುಷ್ಯ ಎಚ್ಚರವಿದ್ದಾಗ ತನ್ನ ಬಗ್ಗೆ ಏನು ಬೇಕಾದರೂ ಹೇಳಿಕೊಂಡು ತಿರುಗಬಹುದು. ನಿದ್ದೆಯಲ್ಲಿ ಅವನು ಏನು ಮಾಡುತ್ತಾನೆ ಎಂಬುದು ಮಾತ್ರ ಅವನೊಬ್ಬನನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿರುತ್ತದೆ. ಈ ಸಂಗತಿ ನನಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಹೂವಿನ ಹಿಪ್ಪರಗಿಯಲ್ಲಿರುವ ನನ್ನ ಹೆಂಡತಿಯ ತವರುಮನೆಯ ಪಡಸಾಲೆಯಲ್ಲಿ, ಹತ್ತಾರು ಜನ ಬೀಗರು ನೋಡುತ್ತಿರುವಾಗ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದೆ ಇಟ್ಟುಕೊಂಡು ನೋಡಿದೆ, ಅದರಿಂದ ಇನ್ನೂ ಹೆಚ್ಚು ನಾಚಿಕೆಯಾಯಿತು. ಆದ್ದರಿಂದ ಹೇಳಿಬಿಡುತ್ತೇನೆ.

ನಾನು ಸಿಂದಗಿಯಲ್ಲಿ ಹೈಸ್ಕೂಲು ವಿಜ್ಞಾನದ ಮಾಸ್ತರ. ಒಂದು ವರ್ಷದ ಹಿಂದೆ, ಬೆಳಿಗ್ಗೆ ಏಳುವಾಗ ಬಾಯಿ ಒಣಗಿರುವ ಕಾಟ ನನಗೆ ಶುರುವಾಯಿತು. ಒಣಗುವುದೆಂದರೆ ಸಾಮಾನ್ಯ ಬಾಯಾರಿಕೆಯಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಬಿಸಿಲಿಗೆ ಹಾಕಿ ಮರೆತ ಹಪ್ಪಳದ ಹಾಗೆ ಆಗಿರುತ್ತಿತ್ತು. ಅದನ್ನು ಅಲ್ಲಿಂದ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಒಂದು ತಂಬಿಗೆ ನೀರು ಕುಡಿಯುವ ತನಕ ಧ್ವನಿ ಹೊರಡುತ್ತಿರಲಿಲ್ಲ. ನಮ್ಮ ಮನೆಗೆ ಹಾಲು ಹಾಕುವ ಶಿವಮ್ಮ ನಾನು ಹಾಸಿಗೆಯಿಂದ ಏಳುವ ಹೊತ್ತಿಗೆ ಸರಿಯಾಗಿ ಬರುತ್ತಾಳೆ. ಎಷ್ಟು ಹಾಕಲಿ ಎಂದು ಕೇಳಿದರೆ ನಾನು ಬಾಯಿ ತೆರೆಯಲಾರದೆ ಬೆರಳು ತೋರಿಸುತ್ತಿದ್ದೆ. ನಾಲ್ಕು ದಿನ ನೋಡಿದ ಅವಳು, ಮಾಸ್ತರರು ಬೆಳಗಿನ ಹೊತ್ತು ಮೌನ ಹಿಡಿದಿದ್ದಾರೆ ಎಂದು ಓಣಿಯಲ್ಲೆಲ್ಲ ಹೇಳಿದಳು. ಓಣಿಯವರು ನನ್ನನ್ನು ಸ್ವಲ್ಪ ಹೆಚ್ಚು ಗೌರವದಿಂದ ನೋಡತೊಡಗಿದರು. ಊರಿನ ಜಮೀನಿನ ಲೆಕ್ಕ ನೋಡುತ್ತಿದ್ದ ಎದುರು ಮನೆಯ ನಿವೃತ್ತ ತಲಾಠಿಯವರು ತಮಗೂ ಈ ಸಾಧನೆಯ ದಾರಿ ತೋರಿಸಬೇಕೆಂದು ಕೇಳಿದರು. ನಾನು ಅದು ಹಾಗಲ್ಲ ಎನ್ನಬೇಕಿತ್ತು. ಎಲ್ಲರಿಂದ ಆಗುವ ಕೆಲಸ ಅಲ್ಲ ಅದು ಎಂದೆ.

ಮೊದಲು ನನಗೆ ಬಂದ ಸಂಶಯ ಸಕ್ಕರೆ ಕಾಯಿಲೆಯದು. ನಮ್ಮ ಸ್ಟಾಫ್ ರೂಮಿನಲ್ಲಿ ಸಕ್ಕರೆ ಇಲ್ಲದವರು ನಾನು ಮತ್ತು ಹೊಸದಾಗಿ ಬಂದ ಹಿಂದಿ ಟೀಚರು, ಇಬ್ಬರೇ. ಉಳಿದವರೆಲ್ಲ ಮಧ್ಯಾಹ್ನ ಡಬ್ಬಿ ಬಿಚ್ಚಿ, ಯಾರ ಸಕ್ಕರೆ ಎಷ್ಟಿದೆ, ಯಾರ ಗುಳಿಗೆ ಬದಲಾಯಿತು ಎಂದು ಮಾತಾಡುತ್ತ ಒಂದು ಕುಟುಂಬದವರಂತೆ ಇರುತ್ತಾರೆ. ನಾನು ಗುಟ್ಟಾಗಿ ರಕ್ತ ಕೊಟ್ಟು ಬಂದೆ. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಜೊತೆಗೆ ಒಂದಿಷ್ಟು ನಿರಾಶೆಯೂ ಆಯಿತು. ಕಾಯಿಲೆ ಎಂದಿದ್ದರೆ ಅದು ನನ್ನದು, ನಾನು ನೋಡಿಕೊಳ್ಳುತ್ತಿದ್ದೆ. ಕಾಯಿಲೆಯಲ್ಲ ಎಂದಮೇಲೆ ಬೇರೆ ಯಾರದೋ ತಪ್ಪಿರಬೇಕಲ್ಲ. ವಿಜ್ಞಾನ ಕಲಿಸುವವನ ತಲೆ ಹೀಗೆ ಓಡಬಾರದಿತ್ತು. ಓಡಿತು. ಮತ್ತು ಅದು ಓಡಿ ಹೋಗಿ ನಿಂತದ್ದು ಅಡುಗೆಮನೆಯ ಬಾಗಿಲಲ್ಲಿ.

ಇಲ್ಲಿ ನನ್ನ ಹೆಂಡತಿ ಮಹಾದೇವಿಯ ಬಗ್ಗೆ ಹೇಳಬೇಕು. ಅವಳ ಕೈಯ ಉಪ್ಪಿಗೆ ನಮ್ಮೆರಡೂ ಕಡೆಯ ಬಳಗದಲ್ಲಿ ಹೆಸರಿದೆ. ಮದುವೆ ಇರಲಿ, ತೊಟ್ಟಿಲು ಹಾಕುವುದಿರಲಿ, ಅಡುಗೆ ಯಾರೇ ಮಾಡಲಿ, ದೊಡ್ಡ ಹಂಡೆಯ ಕಟ್ಟಿನ ಸಾರಿಗೆ ಉಪ್ಪು ಹಾಕುವ ಹೊತ್ತಿಗೆ ಅವಳನ್ನು ಕರೆಯುತ್ತಾರೆ. ಹೋಳಿಗೆಗೆಂದು ಬೇಳೆ ಕುದಿಸಿ ಬಸಿದ ಕಟ್ಟಿನಲ್ಲಿ ಮಾಡುವ ಆ ಸಾರು ಇನ್ನೂರು ಜನಕ್ಕೆ ಮಾಡಿದಾಗ ಉಪ್ಪಿನ ಅಂದಾಜು ಸಿಗುವುದು ಕಷ್ಟ. ಇವಳು ರುಚಿಯನ್ನೂ ನೋಡುವುದಿಲ್ಲ. ಹಂಡೆಯ ಪಕ್ಕ ನಿಂತು, ಒಂದು ಸಲ ಹಬೆ ಮೂಸಿ, ಹಿಡಿ ಹಿಡಿಯಾಗಿ ಹಾಕಿ, ಕೊನೆಗೆ ಎರಡು ಬೆರಳಲ್ಲಿ ಒಂದಿಷ್ಟು ಉದುರಿಸಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದುಬಿಡುತ್ತಾಳೆ. ಅದು ಒಂದು ದಿನವೂ ತಪ್ಪಿದ್ದಿಲ್ಲ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ನೌಕರಿ ಇಲ್ಲ, ಹೆಸರಿನ ಮುಂದೆ ಏನೂ ಇಲ್ಲ. ನಾಲ್ಕು ಜನರಲ್ಲಿ ಅವಳನ್ನು ಅವಳಾಗಿ ಗುರುತಿಸುವುದೆಂದರೆ ಆ ಉಪ್ಪಿನ ಕೈಯೊಂದೇ. ಇಪ್ಪತ್ತನಾಲ್ಕು ವರ್ಷ ಅದೇ ಕೈಯಲ್ಲಿ ಉಂಡ ನನಗೆ ಇದು ಗೊತ್ತಿರಲಿಲ್ಲ ಎನ್ನಲಾರೆ.

ಒಂದು ಭಾನುವಾರ ಬಸವನ ಬಾಗೇವಾಡಿಯಿಂದ ನನ್ನ ತಂಗಿ ಕಸ್ತೂರಿ ಬಂದಿದ್ದಳು. ಊಟಕ್ಕೆ ಕೂತಿದ್ದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕಸ್ತೂರಿ ಯಾಕೋ ನಾನು ಸೊರಗಿದ್ದೇನೆ ಎಂದಳು. ತಂಗಿ ಹಾಗೆ ಅಂದಾಗ ಅಣ್ಣನಾದವನಿಗೆ ಇನ್ನಷ್ಟು ಸೊರಗಬೇಕೆನಿಸುತ್ತದೆ. ನಾನು ಬೆಳಗಿನ ಬಾಯಿಯ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಹೇಳುತ್ತ ಹೇಳುತ್ತ, ರೊಟ್ಟಿ ಮುರಿಯುತ್ತಲೇ, “ಸಕ್ಕರಿ ಇಲ್ಲ, ಬಿ.ಪಿ. ಇಲ್ಲ. ಉಪ್ಪಿಂದ ಇರಬೇಕು. ನಿಮ್ಮ ವೈನಿ ಕೈ ಈಚೆಗೆ ಭಾರ ಆಗೈತಿ” ಎಂದುಬಿಟ್ಟೆ. ಆ ವೈನಿ, ಅಂದರೆ ಕಸ್ತೂರಿಯ ಅತ್ತಿಗೆ ಮಹಾದೇವಿ, ಅಲ್ಲಿಯೇ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದಳು. ಮಜ್ಜಿಗೆ ಬಡಿಸಿ ಒಳಗೆ ಹೋದಳು. ಅವಳು ಏನೂ ಅನ್ನದಿದ್ದುದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಮರುದಿನದಿಂದ ನಮ್ಮ ಮನೆಯ ಅಡುಗೆಯಲ್ಲಿ ಉಪ್ಪು ಕಡಿಮೆಯಾಯಿತು. ಕಡಿಮೆ ಎಂದರೆ, ಪಲ್ಯ ಬಾಯಿಗಿಟ್ಟರೆ ಅದು ಯಾವ ಪಲ್ಯ ಎಂದು ಕಣ್ಣು ತೆರೆದು ನೋಡಬೇಕು. ಮೊದಲನೆಯ ತುತ್ತಿಗೇ ನನಗೆ ಅಳು ಬಂದಹಾಗಾಯಿತು. ಆದರೆ ಬೇಡಿ ಪಡೆದ ಶಿಕ್ಷೆ, ಉಣ್ಣಲೇಬೇಕು. ಎಂಟು ದಿನ ಹೀಗೆ ಉಂಡರೂ ಬೆಳಿಗ್ಗೆ ನಾಲಿಗೆ ಮೊದಲಿನಂತೆಯೇ ಒಣಗಿರುತ್ತಿತ್ತು. ಈಗ ನಾನು ಹೇಳುವ ಮಾತು ಈ ಬರಹದಲ್ಲೆಲ್ಲ ನನಗೆ ಹೆಚ್ಚು ನಾಚಿಕೆ ತರುವಂಥದ್ದು. ಒಂಬತ್ತನೆಯ ದಿನ ಬೆಳಿಗ್ಗೆ ಮಹಾದೇವಿ ನೀರಿನ ತಂಬಿಗೆ ಕೊಡುತ್ತ, ಈಗ ಹೇಗಿದೆ ಎಂದು ಕೇಳಿದಳು. ಕೇಳುವಾಗ ಅವಳ ಮುಖ ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗಿಯಂತಿತ್ತು. ಏನೂ ಫರಕಾಗಿಲ್ಲ ಎಂದರೆ ನಾನು ಸೋತಂತೆ. ನೀರು ಕುಡಿದು, ಧ್ವನಿ ಸರಿಮಾಡಿಕೊಂಡು, ನಾಲ್ಕಾಣೆಯಷ್ಟು ಕಮ್ಮಿಯಾಗಿದೆ ಎಂದೆ. ಅವಳು ತಲೆ ಆಡಿಸಿ ಒಳಗೆ ಹೋದಳು. ತರಗತಿಯಲ್ಲಿ ಪ್ರಯೋಗದ ಫಲಿತಾಂಶ ತಿದ್ದಿ ಬರೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವನು ನಾನು.

ಇತ್ತ ಕಸ್ತೂರಿ ಬಾಗೇವಾಡಿಗೆ ಹೋದವಳು ಸುಮ್ಮನೆ ಕೂರಲಿಲ್ಲ. ಅಣ್ಣನ ಮೇಲಿನ ಕಾಳಜಿಯಿಂದಲೇ ಬಳಗದ ಗ್ರೂಪಿನಲ್ಲಿ ಒಂದು ಉದ್ದನೆಯ ಧ್ವನಿಸಂದೇಶ ಹಾಕಿದಳು. ಅಗರಖೇಡದ ನಮ್ಮ ಕಾಕಾ ನಿಂಬೆಹಣ್ಣಿನ ಪಾನಕ ಕುಡಿಯಲು ಹೇಳಿದರು. ಇಂಡಿಯಲ್ಲಿರುವ ಸೋದರಮಾವ ಜೀರಿಗೆಯ ನೀರು ಹೇಳಿದರು. ಔಷಧಿ ಬೇರೆ ಬೇರೆ ಇದ್ದರೂ ಕಾರಣ ಮಾತ್ರ ಎಲ್ಲರೂ ಒಂದೇ ಹೇಳುತ್ತಿದ್ದರು, ಮಹಾದೇವಿಯ ಕೈಗೆ ಉಪ್ಪು ಜಾಸ್ತಿಯಾಗಿದೆ. ಮುದ್ದೇಬಿಹಾಳದಲ್ಲಿ, ನಾನು ಇಪ್ಪತ್ತು ವರ್ಷಗಳ ಹಿಂದೆ ಕೆಲಸ ಮಾಡಿದ ಶಾಲೆಯ ಜವಾನ ಒಬ್ಬ ಫೋನು ಮಾಡಿ, ಅಕ್ಕಾರಿಗೆ ಹೇಳ್ರಿ ಸರ, ಕಲ್ಲುಪ್ಪು ಬಳಸಲಿ ಎಂದ. ನಾನು ಇದನ್ನೆಲ್ಲ ನನ್ನ ಆರೋಗ್ಯದ ಬಗ್ಗೆ ಜನರಿಗಿರುವ ಪ್ರೀತಿ ಎಂದು ಭಾವಿಸಿದೆ.

ಹೀಗೆ ಎರಡು ತಿಂಗಳು ಕಳೆಯಿತು. ಹೂವಿನ ಹಿಪ್ಪರಗಿಯಲ್ಲಿ ಮಹಾದೇವಿಯ ತಮ್ಮ ಈರಣ್ಣನ ಮಗಳಿಗೆ ಹೆರಿಗೆಯಾಗಿ, ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆ ಬಂತು. ತವರುಮನೆಯ ಕಾರ್ಯವೆಂದರೆ ಮಹಾದೇವಿ ಹಿಂದಿನ ದಿನವೇ ಹೋಗಿ ಅಡುಗೆಯವರ ಜೊತೆ ನಿಲ್ಲುವುದು ರೂಢಿ. ಈ ಸಲ ಈರಣ್ಣ ಫೋನಿನಲ್ಲಿ, ನೀನು ಯಾಕೆ ತ್ರಾಸು ತಗೊಳ್ಳುತ್ತೀ ಅಕ್ಕಾ, ಅಂದೇ ಮುಂಜಾನೆ ಮಾಮಾರ ಜೊತೆ ಆರಾಮಾಗಿ ಬಾ ಎಂದನಂತೆ. ಮಾಮಾ ಎಂದರೆ ನಾನು. ಅಂದು ಬೆಳಿಗ್ಗೆ ನಾವು ಹೋಗಿ ಮುಟ್ಟಿದಾಗ ಹಿತ್ತಲಲ್ಲಿ ಹಂಡೆಗಳು ಕುದಿಯುತ್ತಿದ್ದವು. ಮಹಾದೇವಿ ಅಭ್ಯಾಸದಂತೆ ಕಾಲು ತೊಳೆದುಕೊಂಡು ಸೀದಾ ಹಿತ್ತಲಿಗೆ ಹೋದಳು. ನಾನು ಬಚ್ಚಲ ಹತ್ತಿರ ಕೈ ಒರೆಸುತ್ತ ನಿಂತಿದ್ದೆ, ಎಲ್ಲ ಕಾಣುತ್ತಿತ್ತು. ಬಾಡಿಗೆಯ ಅಡುಗೆಯವನು ಸಾರಿಗೆ ಉಪ್ಪು ಹಾಕುವುದು ಆಗಿಹೋಗಿದೆ ಎಂದ. ಈರಣ್ಣನ ಹೆಂಡತಿ ಓಡಿ ಬಂದು ಅವಳ ಕೈ ಹಿಡಿದು, ನೀವು ಒಳಗೆ ಕೂಸಿನ ಹತ್ತಿರ ಕೂಡ್ರಿ ಎಂದು ಬಹಳ ಪ್ರೀತಿಯಿಂದ ಕರೆದುಕೊಂಡು ಹೋದಳು. ಮಹಾದೇವಿ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಕೈಗೆ ಏನೂ ಹತ್ತಿರಲಿಲ್ಲ.

ಊಟಕ್ಕೆ ಹೋಳಿಗೆ, ಭಜಿ, ಬದನೆಕಾಯಿ, ಕಟ್ಟಿನ ಸಾರು. ಸಾರು ಸಪ್ಪೆಯಾಗಿತ್ತು. ಪಂಕ್ತಿಯಲ್ಲಿ ಎಲ್ಲರೂ ಉಪ್ಪು ಉಪ್ಪು ಎಂದು ಕೇಳುತ್ತಿದ್ದರು. ಈರಣ್ಣ ನನ್ನ ಹತ್ತಿರ ಬಂದು, ಮಾಮಾರಿಗೆ ಬಾಯಿ ಒಣಗುವ ತ್ರಾಸು ಇದೆ ಎಂದು ಉಪ್ಪು ಕಮ್ಮಿ ಹಾಕಿಸಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಇನ್ನೂರು ಜನ ನನ್ನ ಬಾಯಿಯ ಸಲುವಾಗಿ ಸಪ್ಪೆ ಉಂಡರು. ನಾನು ದೊಡ್ಡ ಮನುಷ್ಯನಂತೆ ತಲೆ ಆಡಿಸಿದೆ, ಆರು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡೆ, ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ಗಂಡಸರ ಸಾಲಿನಲ್ಲಿ ಒಂದು ದಿಂಬು ಹಿಡಿದು ಮಲಗಿದೆ.

ಎದ್ದಾಗ ಬಿಸಿಲು ಬಾಗಿಲ ಹೊಸ್ತಿಲಿಗೆ ಬಂದಿತ್ತು. ಬಾಯಿ ಅದೇ ಹಪ್ಪಳ. ಮಲಗಿದವರೆಲ್ಲ ಯಾವಾಗಲೋ ಎದ್ದು ಗೋಡೆಗೆ ಒರಗಿ ಕೂತಿದ್ದರು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಆದರೆ ನಾನು ಅದನ್ನು ಅಳಿಯನಿಗೆ ಕೊಡುವ ಮರ್ಯಾದೆ ಎಂದುಕೊಂಡೆ. ಸನ್ನೆ ಮಾಡಿ ನೀರು ತರಿಸಿಕೊಂಡು ಕುಡಿದೆ. ಕುಡಿದು, ಗಂಟಲು ತೆರೆದ ಮೇಲೆ, ಎಷ್ಟು ಕಮ್ಮಿ ಹಾಕಿದರೂ ಉಪ್ಪಿನ ಗುಣ ನೋಡ್ರಿ ಎಂದೆ.

ಕಂಬದ ಪಕ್ಕ ಮಹಾದೇವಿಯ ಸೋದರತ್ತೆ ನೀಲವ್ವ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ, ಕಣ್ಣು ಕಿವಿ ಎರಡೂ ನೆಟ್ಟಗಿವೆ. ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಅವಳು ನಿಧಾನವಾಗಿ ಹೇಳಿದಳು: “ಉಪ್ಪಿನ ಮ್ಯಾಲ ಯಾಕ ಹಾಕತೀರಿ, ಮಾಸ್ತರ. ಎರಡು ತಾಸಿನಿಂದ ನಾನ ನೋಡಾಕತ್ತೇನಿ. ನೆಲದಾಗ ಜ್ವಾಳ ತುಂಬೂ ಹಗೇವಿನಂಗ ಬಾಯಿ ತಕ್ಕೊಂಡು ಮಲಗಿದ್ರಿ. ಅಷ್ಟು ಗಾಳಿ ಒಳಗ ಹೊರಗ ಆಡಿದ್ರ ಒಣಗದ ಏನಾಗ್ತೈತಿ?”

ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ಮುಗಿಸುತ್ತಿದ್ದೆ. ಎಲ್ಲರೂ ಬೇರೆ ಕಡೆ ನೋಡತೊಡಗಿದರು. ಈರಣ್ಣ ಸೂರಿನತ್ತ ನೋಡಿದ. ನಿದ್ದೆಯಲ್ಲಿ ನಾನು ಹೊರಡಿಸಿದ ಸದ್ದಿಗೆ ತೊಟ್ಟಿಲ ಕೂಸು ಎರಡು ಸಲ ಬೆದರಿ ಅತ್ತು, ಅದನ್ನು ಪಕ್ಕದ ಮನೆಗೆ ಎತ್ತಿಕೊಂಡು ಹೋಗಿದ್ದರು ಎಂಬ ಸಂಗತಿಯೂ ಮೆಲ್ಲಗೆ ಹೊರಬಂತು. ಯಾರ ಕಾರ್ಯಕ್ಕೆಂದು ಎಲ್ಲರೂ ಬಂದಿದ್ದರೋ ಆ ಕೂಸೇ, ತನ್ನ ಹೆಸರಿಟ್ಟ ದಿನವೇ ನನ್ನ ದೆಸೆಯಿಂದ ಮನೆ ಬಿಟ್ಟು ಹೋಗಬೇಕಾಯಿತು. ಎಂಟನೆಯ ತರಗತಿಗೆ ಉಸಿರಾಟದ ಪಾಠ ಮಾಡುವಾಗ, ಮೂಗಿನಿಂದ ಉಸಿರಾಡಬೇಕು, ಬಾಯಿಯಿಂದ ಆಡಿದರೆ ಬಾಯಿ ಒಣಗುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ನಾನೇ ಬರೆದು, ಕೆಳಗೆ ಗೆರೆಯನ್ನೂ ಎಳೆಯುತ್ತೇನೆ. ಆ ಗೆರೆ ಕಣ್ಣಮುಂದೆ ಬಂತು. ಅಂದಿನ ಮಟ್ಟಿಗೆ ನಾನು, ಹವಾ ಬದಲಾದದ್ದಕ್ಕೆ ಮೂಗು ಕಟ್ಟಿರಬೇಕು ಎಂದು ಏನೋ ಗೊಣಗಿ ಚಪ್ಪಲಿ ಹುಡುಕಿದೆ. ಮಹಾದೇವಿಯ ಕಡೆ ನೋಡಲು ಆಗಲಿಲ್ಲ.

ಸಿಂದಗಿಗೆ ಬರುವ ಬಸ್ಸಿನಲ್ಲಿ ಮಹಾದೇವಿ ಕಿಟಕಿಯ ಪಕ್ಕ ಕೂತಳು. ಹೊರಗೆ ತೊಗರಿಯ ಹೊಲಗಳು ಹಿಂದೆ ಹೋಗುತ್ತಿದ್ದವು. ಕಡೆಗೆ ನಾನೇ ಕೇಳಿದೆ, ನಾನು ಹಾಗೆ ಬಾಯಿ ತೆರೆದು ಮಲಗುವುದು ನಿನಗೆ ಗೊತ್ತಿತ್ತೇ ಎಂದು. ಗೊತ್ತಿಲ್ಲದೆ ಏನು, ಗೊರಕೆಯೂ ಹೊಡೆಯುತ್ತೀರಿ ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ.

“ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?”

“ಹೇಳಿದ್ದೆ. ಮದಿವಿ ಆದ ಹೊಸದಾಗ, ಮುದ್ದೇಬಿಹಾಳದಾಗ ಇದ್ದಾಗ. ಮೂರು ದಿನ ಮಾತು ಬಿಟ್ರಿ ನೀವು. ಮಾತಿಲ್ಲದ ಮನಿಗಿಂತ ಗೊರಕೀನ ಚಲೋ ಅನಿಸ್ತು ನನಗ.”

ಆ ಮೂರು ದಿನ ನನಗೆ ನೆನಪಿರಲಿಲ್ಲ. ಮಾತು ಬಿಟ್ಟವನಿಗೆ ಮರೆತುಹೋಗಿತ್ತು, ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಅದನ್ನು ಅನುಭವಿಸಿದವಳಿಗೆ ಇಪ್ಪತ್ತನಾಲ್ಕು ವರ್ಷ ನೆನಪಿತ್ತು. ಸರಿ, ಉಪ್ಪಿನ ಮಾತು ಬಂದಾಗಲಾದರೂ ಹೇಳಬಹುದಿತ್ತಲ್ಲ ಎಂದೆ. ಇದನ್ನು ಕೇಳಬಾರದಿತ್ತು. ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. “ನಾಲ್ಕಾಣೆ ಕಮ್ಮಿ ಆಗೈತಿ ಅಂದ್ರಲ್ಲ. ಹಂಗಾರ ನನ್ನ ಕೈನ ತಪ್ಪಾಕತ್ತೈತಿ ಅಂತ ತಿಳಕೊಂಡೆ. ಎರಡು ತಿಂಗಳಾತು, ಉಪ್ಪಿನ ಡಬ್ಬಿ ತಗದ್ರ ಸಾಕು, ಕೈ ನಡುಗತೈತಿ.” ಇಷ್ಟು ಹೇಳಿ ಮತ್ತೆ ಕಿಟಕಿಗೆ ತಿರುಗಿದಳು. ಬಸ್ಸಿನಲ್ಲಿ ಇಳಿದು ಓಡಿಹೋಗುವ ಅನುಕೂಲ ಇರುವುದಿಲ್ಲ. ಸಿಂದಗಿಯ ತನಕ ನಾನು ಬಾಯಿ ಮುಚ್ಚಿಕೊಂಡು ಮೂಗಿನಿಂದಲೇ ಉಸಿರಾಡಿದೆ, ಅದೂ ಪೂರ್ತಿ ಆಗಲಿಲ್ಲ.

ಮರುವಾರ ವಿಜಯಪುರದಲ್ಲಿ ಮೂಗಿನ ಡಾಕ್ಟರರ ಹತ್ತಿರ ಹೋದೆ. ಅವರು ಒಂದು ಬ್ಯಾಟರಿ ಹಚ್ಚಿ ನೋಡಿ, ಮೂಗಿನೊಳಗಿನ ಎಲುಬು ಒಂದು ಕಡೆಗೆ ವಾಲಿದೆ, ಹಾಗಾಗಿ ಮಲಗಿದಾಗ ಬಾಯಿ ತೆರೆದುಕೊಳ್ಳುತ್ತದೆ, ವಯಸ್ಸಾದಂತೆ ಅದು ಹೆಚ್ಚುತ್ತದೆ ಎಂದರು. ಹನಿ ಬರೆದುಕೊಟ್ಟು, ಮಗ್ಗುಲಾಗಿ ಮಲಗಲು ಹೇಳಿದರು. ಮನೆಯವರನ್ನು ಒಂದು ಮಾತು ಕೇಳಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತಲ್ಲ ಎಂದೂ ಸೇರಿಸಿದರು. ಮಗ್ಗುಲಾಗಿ ಮಲಗಿ, ಹನಿ ಹಾಕಿಕೊಂಡು ಹತ್ತು ದಿನದಲ್ಲಿ ಬಾಯಿ ಒಣಗುವುದು ಬಹುಮಟ್ಟಿಗೆ ನಿಂತಿತು. ಶಿವಮ್ಮನಿಗೆ ಒಂದು ಲೀಟರ್ ಎಂದು ಬಾಯಿಬಿಟ್ಟು ಹೇಳಿದ ದಿನ ಅವಳ ಮುಖ ಬಾಡಿತು. ನನ್ನ ಮೌನ ಮುರಿದದ್ದಕ್ಕೆ ಅವಳಿಗೆ ಆದ ಬೇಸರ ನನ್ನ ಮನೆಯಲ್ಲಿ ಯಾರಿಗೂ ಆಗಲಿಲ್ಲ.

ಬಾಯಿ ಸರಿಯಾಯಿತು, ಆಡಿದ ಮಾತು ಸರಿಯಾಗಬೇಕಲ್ಲ. ಬಾಗೇವಾಡಿಗೆ ಹೋಗಿ ಕಸ್ತೂರಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. ಅವಳು ಚಹಾ ಸೋಸುತ್ತ ಎಲ್ಲ ಕೇಳಿ, “ವೈನಿ ಹೇಳಿ ಕಳಿಸ್ಯಾರೇನಣ್ಣಾ?” ಎಂದಳು. ಇಲ್ಲ, ನಾನೇ ಬಂದೆ ಎಂದು ಎಷ್ಟು ಒತ್ತಿ ಹೇಳಿದೆನೋ ಅಷ್ಟೂ ಅವಳಿಗೆ ಸಂಶಯ ಗಟ್ಟಿಯಾಯಿತು. ಹೆಂಡತಿಯ ಮೇಲೆ ದೂರು ಹೇಳಿದಾಗ ಗಂಡಸಿನ ಮಾತನ್ನು ಎಲ್ಲರೂ ಕೂಡಲೇ ನಂಬುತ್ತಾರೆ, ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಮನೆಯಲ್ಲಿ ಜಗಳವಾಗಿದೆ ಎನ್ನುತ್ತಾರೆ. ಚಹಾ ಕುಡಿದು ಬಂದೆ.

ಹಾಗಾದರೆ ಎಲ್ಲರ ಮುಂದೆ ಒಂದೇ ಸಲ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ. ಮುಂದಿನ ತಿಂಗಳೇ ಕಸ್ತೂರಿಯ ಮನೆಯಲ್ಲಿ ಮೇಲಂತಸ್ತು ಕಟ್ಟಿಸಿದ ಗೃಹಪ್ರವೇಶವಿತ್ತು, ಎರಡೂ ಕಡೆಯ ಬಳಗ ಸೇರುವುದಿತ್ತು. ಮೂರು ದಿನ ಕೂತು ಭಾಷಣ ಬರೆದೆ. ಎರಡು ಸಲ ನಕಲು ತೆಗೆದು, ಮಡಚಿ ಅಂಗಿಯ ಜೇಬಿಗಿಟ್ಟುಕೊಂಡೆ. ಮಹಾದೇವಿ ಹಿಂದಿನ ದಿನವೇ ಹೋಗಿದ್ದಳು, ಕಸ್ತೂರಿಗೆ ಕೈಯಾಸರೆಗೆ ಇರಬೇಕೆಂದುಕೊಂಡೆ. ಅಂದು ಪಂಕ್ತಿ ಕೂತಿತು, ಎಲೆಗೆ ಅನ್ನ ಬಿತ್ತು, ಸಾರು ಬಿತ್ತು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಒಂದು ಮಾತು ಹೇಳುವುದಿದೆ, ನಾನು ಬಾಯಿ ತೆರೆದು ಮಲಗುತ್ತೇನೆ, ತಪ್ಪು ಉಪ್ಪಿನದಲ್ಲ ಎಂದೆ. ಕಾಗದ ತೆಗೆಯಲು ಜೇಬಿಗೆ ಕೈ ಹಾಕುವಷ್ಟರಲ್ಲಿ ಎದುರಿನ ಸಾಲಿನಿಂದ ಕಸ್ತೂರಿಯ ಮಾವನವರು, “ಅದು ನೀಲವ್ವ ಅವತ್ತ ಎಲ್ಲಾರಿಗೂ ಹೇಳ್ಯಾಳ, ಮಾಸ್ತರ. ಕುಂಡ್ರಿ, ಸಾರು ಆರತೈತಿ” ಎಂದರು. ಪಂಕ್ತಿಗೆ ಪಂಕ್ತಿಯೇ ಹೌದು ಹೌದೆಂದು ಊಟದಲ್ಲಿ ತೊಡಗಿತು.

ಕೂತೆ. ಸಾರು ಬಾಯಿಗಿಟ್ಟೆ. ಮೊದಲ ತುತ್ತಿಗೇ ಗೊತ್ತಾಯಿತು, ಯಾರ ಕೈ ಎಂದು. ನಾನು ಮೂರು ದಿನ ಭಾಷಣ ಬರೆಯುತ್ತಿದ್ದ ಹೊತ್ತಿನಲ್ಲಿ, ನನ್ನ ಮಾತು ನಂಬದ ಕಸ್ತೂರಿ ನೀಲವ್ವನ ಮಾತು ಕಿವಿಗೆ ಬಿದ್ದಮೇಲೆ ವೈನಿಗೆ ಫೋನು ಮಾಡಿ, ಹಂಡೆಗೆ ಉಪ್ಪು ನೀವೇ ಹಾಕಬೇಕು ಎಂದು ಕರೆದಿದ್ದಳಂತೆ. ಇವಳು ಹೋಗಿ ಹಾಕಿದ್ದಳು. ಮೊದಲ ಹಿಡಿಗೆ ಕೈ ನಡುಗಿತಂತೆ, ಎರಡನೆಯದಕ್ಕೆ ನಿಂತಿತಂತೆ. ನಾನು ಹೊರಿಸಿದ ಆರೋಪದ ವಿಷಯ ಇಬ್ಬರೂ ಎತ್ತಲೇ ಇಲ್ಲವಂತೆ. ಮಹಾದೇವಿ ಬಡಿಸುತ್ತ ನನ್ನ ಎಲೆಯ ಹತ್ತಿರ ಬಂದಾಗ ಏನಾದರೂ ಅಂದಾಳು ಎಂದು ಕಾದೆ. ಇನ್ನೊಂದು ಸೌಟು ಸಾರು ಹಾಕಿ ಮುಂದಿನವರ ಕಡೆ ಹೋದಳು.

ಮನೆಗೆ ಬಂದ ಮರುದಿನ ಬಟ್ಟೆ ನೆನೆಹಾಕುವಾಗ ಆ ಕಾಗದ ಅವಳ ಕೈಗೆ ಸಿಕ್ಕಿತು. ಒಗೆಯುವ ಕಲ್ಲಿನ ಮೇಲೆ ಕೂತು ಪೂರ್ತಿ ಓದಿದಳು. ಒಳ್ಳೆಯ ಮಾತು ಬಂದೀತೆಂದು ನಾನು ಬಾಗಿಲಲ್ಲಿ ನಿಂತಿದ್ದೆ. “ಇದರಾಗ ಮೂಗು ಐತಿ, ಬಾಯಿ ಐತಿ, ಡಾಕ್ಟ್ರು ಅದಾರ,” ಎಂದಳು. “ನಾ ಎಲ್ಲಿ ಅದೀನ್ರಿ?”

ಕಾಗದ ಇಸಿದುಕೊಂಡು ನೋಡಿದೆ. ಕಾರಣ, ಲಕ್ಷಣ, ಪರಿಹಾರ ಎಂದು ಮೂರು ಭಾಗ ಮಾಡಿ, ವಾಲಿದ ಎಲುಬಿನ ಚಿತ್ರವನ್ನೂ ಬರೆದಿದ್ದೆ. ಅವಳ ಹೆಸರು ಒಂದು ಕಡೆಯೂ ಇರಲಿಲ್ಲ. ಕ್ಷಮೆ ಎಂಬ ಪದವೂ ಇರಲಿಲ್ಲ. ಒಳಗೆ ಹೋಗಿ, ಹೊಸ ಹಾಳೆ ತೆಗೆದು, ಈ ಸಲ ಅವಳ ಬಗ್ಗೆಯೇ ಬರೆಯಬೇಕೆಂದು ಕೂತೆ. ಮೊದಲ ಪದ ಬರೆದು ನೋಡಿದರೆ, ‘ನಾನು’ ಎಂದಿತ್ತು.